ಪಾಠಶುದ್ಧಿಯೂ ರಸಸಿದ್ಧಿಯೂ : ರೊಸ್ಸೀನಿಯ ಹಾಸ್ಯಗೇಯನಾಟಕದ ಎರಡು ಧ್ವನಿಮುದ್ರಿಕೆಗಳು

೧

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿದ ಪೂರ್ವಾಚಾರ್ಯರ ಕಾಲದಲ್ಲಿ, ರಂಗಕ್ಕಾಗಿ ಹುಟ್ಟಿದ ಕೃತಿಯು ರಂಗವನ್ನು ಬಿಟ್ಟು ಕಿವಿಯೊಂದನ್ನೇ ಆಶ್ರಯಿಸಿ ಬಾಳುವ ಸಂದರ್ಭವು ಒದಗಿರಲಿಲ್ಲ. ಧ್ವನಿಮುದ್ರಣವು ಬಳಕೆಗೆ ಬಂದಮೇಲೆ ಈ ಸಂದರ್ಭವು ನಿತ್ಯದ ಸಂಗತಿಯಾಗಿದೆ. ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಪೀಣ್ಯಕ್ಕೋ ಕೆಲಸಕ್ಕೆಂದು ಹೊರಟವನು ಬಸ್ಸಿನಲ್ಲಿ ಕುಳಿತು, ಮೊಬೈಲಿನ ಮೂಲಕ, ಇಟಲಿಯ ಗೇಯನಾಟಕವೊಂದರ ನಾಲ್ಕಾರು ಮುದ್ರಿಕೆಗಳನ್ನು ಒಂದರ ಮೇಲೊಂದರಂತೆ ಕೇಳಬಲ್ಲನು. ಕೇಳುವುದು ಸುಲಭವಾಯಿತು, ಯಾವುದು ಲೇಸೆಂದು ನಿರ್ಣಯಿಸುವುದು ಮಾತ್ರ ಸುಲಭವಾಗಲಿಲ್ಲ. ಕವಿಯ ಕೈಬರಹಕ್ಕೆ ನಿಷ್ಠವಾದುದು ಲೇಸೋ, ರಂಗಸಂಪ್ರದಾಯದಿಂದ ಬಂದ ಪಾಠವನ್ನು ಹಿಡಿದು ರಸವನ್ನು ಹರಿಯಿಸುವುದು ಲೇಸೋ ಎಂಬುದು ಇಲ್ಲಿ ಏಳುವ ಮುಖ್ಯ ಪ್ರಶ್ನೆ. ಪ್ರಾಚೀನ ಕಾವ್ಯಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಈ ಪ್ರಶ್ನೆ ಹೊಸದಲ್ಲ. ಆದಕಾರಣ ರೊಸ್ಸೀನಿಯ ‘ಸೆವಿಲ್ಯದ ಕ್ಷೌರಿಕ’ ಎಂಬ ನಾಟಕದ ಎರಡು ಪ್ರಸಿದ್ಧ ಮುದ್ರಿಕೆಗಳನ್ನು ಹಿಡಿದು ಅದನ್ನು ವಿಚಾರಿಸುವುದು ಅನುಚಿತವಾಗಲಾರದು.

ಈ ವಿಷಯಕ್ಕೂ ಕನ್ನಡ ನಾಡಿಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರವು ಮೈಸೂರಿನಲ್ಲಿಯೇ ಉಂಟು. ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಶ್ರೀ ಜಯಚಾಮರಾಜೇಂದ್ರ ಒಡೆಯರವರು (೧೯೧೯–೧೯೭೪) ಪಾಶ್ಚಾತ್ಯ ಸಂಗೀತದಲ್ಲಿಯೂ ಕೃತವಿದ್ಯರಾಗಿದ್ದು, ಸಹಸ್ರಾರು ಮುದ್ರಿಕೆಗಳನ್ನು ಸಂಗ್ರಹಿಸಿದ್ದರು. ರಷ್ಯದ ಮೆಟ್ನರನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸಿದ ಕಾರ್ಯವು ಅವರ ಧನಸಹಾಯದಿಂದ ನಡೆಯಿತು. ಲಂಡನ್ನಿನಲ್ಲಿ ೧೯೪೫ರಲ್ಲಿ ವಾಲ್ಟರ್ ಲೆಗ್ಗನು ಸ್ಥಾಪಿಸಿದ ಫಿಲ್‌ಹಾರ್ಮೋನಿಯ ವಾದ್ಯಮೇಳಕ್ಕೆ ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷ ಸಹಾಯಮಾಡಲು ಅವರು ಒಪ್ಪಿದರೆಂದು ಲೆಗ್ಗನೇ ಬರೆದಿದ್ದಾನೆ. ೧೯೪೮ರಲ್ಲಿ ಆ ಮೇಳದ ಸಂಗೀತಸಭೆಗೆ ಅವರೇ ಮೊದಲ ಅಧ್ಯಕ್ಷರಾದರು. ಇಲ್ಲಿ ವಿಚಾರಿಸತಕ್ಕ ಮುದ್ರಿಕೆಗಳಲ್ಲಿ ಮೊದಲನೆಯದು ೧೯೫೭ರ ಫೆಬ್ರವರಿಯಲ್ಲಿ, ಲೆಗ್ಗನ ಮೇಲ್ವಿಚಾರಣೆಯಲ್ಲಿ, ಇದೇ ವಾದ್ಯಮೇಳದಿಂದ ಸಿದ್ಧವಾದುದು. ಆ ಮುದ್ರಿಕೆಗೆ ಮೈಸೂರಿನ ಹಣ ಸಂದಿತೆಂದು ಇದರ ಅರ್ಥವಲ್ಲ. ಮೇಳವು ಎಳೆಯದಾಗಿದ್ದಾಗ ಅದನ್ನು ನಿಲ್ಲಿಸಿದ ಕೈಗಳಲ್ಲಿ ಮೈಸೂರಿನದೂ ಒಂದು ಎಂಬಷ್ಟೇ ತಾತ್ಪರ್ಯ.

೨

ನಾಟಕದ ವಸ್ತು ಸರಳವಾದುದು. ಬಾರ್ತೊಲೊ ಎಂಬ ಮುದಿವೈದ್ಯನು ತನ್ನ ರಕ್ಷಣೆಯಲ್ಲಿರುವ ರೊಸೀನಾ ಎಂಬ ಕನ್ಯೆಯನ್ನು, ಅವಳ ಸ್ತ್ರೀಧನದ ಆಸೆಯಿಂದ, ತಾನೇ ವರಿಸಲೆಳಸುವನು. ಅಲ್ಮವೀವನೆಂಬ ಸಾಮಂತನು ಬಡ ಪ್ರೇಮಿಯಾಗಿಯೂ ಕುಡುಕ ಸೈನಿಕನಾಗಿಯೂ ಸಂಗೀತದ ಉಪಾಧ್ಯಾಯನಾಗಿಯೂ ವೇಷಗಳನ್ನು ತಾಳಿ ಅವಳನ್ನು ಪಡೆಯುವನು. ಈ ಕಾರ್ಯದಲ್ಲಿ ಅವನಿಗೆ ನೆರವಾಗುವ ಕ್ಷೌರಿಕ ಫಿಗರೊ ನಮ್ಮ ನಾಟಕಗಳ ವಿಟನ ಚಾತುರ್ಯವನ್ನೂ ವಿದೂಷಕನ ಬಾಯನ್ನೂ ಕೂಡಿಸಿಕೊಂಡಿರುವ ನರ್ಮಸಚಿವ. ಬೊಮಾರ್ಶೆಯ ಫ್ರೆಂಚ್ ನಾಟಕವನ್ನನುಸರಿಸಿ ಸ್ತೆರ್ಬೀನಿಯು ಬರೆದ ಮಾತುಗಳಿಗೆ ರೊಸ್ಸೀನಿಯು ಸಂಗೀತವನ್ನು ಕೂಡಿಸಿದನು. ರೋಮಿನ ಅರ್ಜೆಂತೀನ ರಂಗಮಂದಿರದಲ್ಲಿ ೧೮೧೬ನೆಯ ಫೆಬ್ರವರಿ ೨೦ರಂದು ನಡೆದ ಮೊದಲ ಪ್ರಯೋಗವು ಗಲಭೆಯಲ್ಲಿ ಮುಗಿಯಿತು. ಮರುದಿನದಿಂದ ಕೀರ್ತಿಯು ಬೆಳೆಯತೊಡಗಿತು.

ಕೀರ್ತಿಯೊಡನೆ ಪಾಠಭೇದವೂ ಬೆಳೆಯಿತು. ರೊಸೀನಾಳ ಪಾತ್ರವನ್ನು ರೊಸ್ಸೀನಿಯು ತಗ್ಗಿದ ಸ್ತ್ರೀಕಂಠಕ್ಕಾಗಿ ರಚಿಸಿದ್ದನು. ಅದು ಏರುಕಂಠದ ಗಾಯಕಿಯರ ವಶವಾಗಿ, ಅವಳ ಮೊದಲ ಹಾಡು ಅರ್ಧಸ್ವರದಷ್ಟು ಮೇಲಕ್ಕೆ ಏರಿತು. ಸಂಗೀತಪಾಠದ ದೃಶ್ಯದಲ್ಲಿ ಮೂಲದ ಹಾಡನ್ನು ಬಿಟ್ಟು ಗಾಯಕಿಯು ತನಗೆ ಮೆಚ್ಚಾದುದನ್ನು ಹಾಡುವ ಪದ್ಧತಿಯು ಬಂದಿತು. ಮುದಿವೈದ್ಯನ ದೊಡ್ಡ ಹಾಡು ಕಷ್ಟವೆಂದು, ಅದರ ಸ್ಥಾನದಲ್ಲಿ ಪಿಯೆತ್ರೊ ರೊಮಾನಿಯು ಕಟ್ಟಿದ ಬೇರೊಂದು ಹಾಡು ದೀರ್ಘಕಾಲ ನಡೆಯಿತು. ವಾದ್ಯಗಳು ಹೆಚ್ಚಿದುವು, ಭಾಗಗಳು ಕತ್ತರಿಸಲ್ಪಟ್ಟುವು. ವೃತ್ತಿನಾಟಕ ಮಂಡಲಿಗಳಲ್ಲಿ ಪ್ರೇಕ್ಷಕರ ‘ಒನ್ಸ್ ಮೋರ್’ ಎಂಬ ಕೂಗಿಗೆ ರಾಜನು ಸತ್ತಮೇಲೂ ಎದ್ದು ಹಾಡುತ್ತಿದ್ದ ಕಾಲವನ್ನು ಬಲ್ಲವರಿಗೆ ಇದು ಆಶ್ಚರ್ಯವಾಗದು.

ಈ ಕಲಬೆರಕೆಯನ್ನು ಶೋಧಿಸಿದವನು ಆಲ್ಬೆರ್ಟೊ ಜೆಡ್ಡ (೧೯೨೮–೨೦೧೭). ಬೊಲೋನ್ಯದಲ್ಲಿರುವ ರೊಸ್ಸೀನಿಯ ಕೈಬರಹವನ್ನು ಅಚ್ಚಿನ ಪ್ರತಿಗಳೊಡನೆ ಹೋಲಿಸಿ ಅವನು ಸಿದ್ಧಪಡಿಸಿದ ಪರಿಷ್ಕರಣವು ೧೯೬೯ರಲ್ಲಿ ಹೊರಬಂದಿತು. ೧೮೯೮ರಲ್ಲಿ ರೈಸರು ಅಚ್ಚಿಗೆ ತಂದಿದ್ದ ಪಂಪಭಾರತವನ್ನು ಕನ್ನಡ ಸಾಹಿತ್ಯ ಪರಿಷತ್ತು ಪುನಃ ಪರಿಷ್ಕರಿಸಿ ೧೯೩೧ರಲ್ಲಿ ಪ್ರಕಟಿಸಿದುದಕ್ಕೆ ಈ ಕಾರ್ಯವನ್ನು ಹೋಲಿಸಬಹುದು. ಈ ಶುದ್ಧಪಾಠವನ್ನು ಹಿಡಿದು ಕ್ಲಾಡಿಯೊ ಅಬ್ಬಾಡೊ ೧೯೭೧ರಲ್ಲಿ ಲಂಡನ್ ಸಿಂಫೊನಿ ವಾದ್ಯಮೇಳದೊಡನೆ ಮುದ್ರಿಸಿದುದೇ ಇಲ್ಲಿಯ ಎರಡನೆಯ ಮುದ್ರಿಕೆ. ೧೯೫೭ರದು ಆಲ್ಚೆಓ ಗಾಲ್ಯೇರನ ನಾಯಕತ್ವದ್ದು. ಹಳೆಯ ರಂಗಪಾಠವನ್ನೂ ಅದರ ಕತ್ತರಿಕೆಗಳನ್ನೂ ಉಳಿಸಿಕೊಂಡುದು. ಒಂದು ಶುದ್ಧಪ್ರತಿ, ಇನ್ನೊಂದು ರೂಢಪ್ರತಿ.

೩

ಹಾಸ್ಯವು ವಿಕೃತವಾದ ಆಕಾರ ವೇಷ ವಾಕ್ಕು ಚೇಷ್ಟೆಗಳಿಂದ ಹುಟ್ಟುವುದೆಂದು ಭರತನ ಮತ. ಧ್ವನಿಮುದ್ರಿಕೆಯಲ್ಲಿ ಆಕಾರವಿಲ್ಲ, ವೇಷವಿಲ್ಲ, ಚೇಷ್ಟೆಯಿಲ್ಲ. ಆಹಾರ್ಯವೂ ಆಂಗಿಕವೂ ಲೋಪವಾಗಿ ವಾಚಿಕವೊಂದೇ ನಿಲ್ಲುತ್ತದೆ. ಸಾತ್ತ್ವಿಕದಲ್ಲಿಯೂ ಕೇಳಬಲ್ಲುದು ಮುಖ್ಯವಾಗಿ ಸ್ವರಭೇದ. ಆದುದರಿಂದ ಮುದ್ರಿಕೆಯ ಗಾಯಕನಿಗೆ ಕಾಕುವೇ ಪರಮಸಾಧನ. ಒಂದೇ ಶಬ್ದವು ಕಂಠದ ವಿಕಾರದಿಂದ ವಿಧಿಯಾಗಬಹುದು, ನಿಷೇಧವಾಗಬಹುದು, ಗೇಲಿಯಾಗಬಹುದು. ಇದನ್ನು ಯಾವ ಸ್ವರಲಿಪಿಯೂ ಬರೆದಿಡಲಾರದು.

ರೊಸೀನಾಳ ಪ್ರವೇಶದ ಹಾಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಾನು ವಿನೀತೆ, ಹೇಳಿದಂತೆ ಕೇಳುವವಳು ಎಂದು ಅವಳು ತನ್ನನ್ನು ವರ್ಣಿಸಿಕೊಂಡು, ‘ಮಾ’ ಎಂಬ ಒಂದಕ್ಷರದಿಂದ ಎಲ್ಲವನ್ನೂ ತಿರುಗಿಸಿಬಿಡುತ್ತಾಳೆ. ‘ಆದರೆ’ ಎಂದಷ್ಟೇ ಅದರ ಅರ್ಥ. ೧೯೫೭ರಲ್ಲಿ ಮರಿಯಾ ಕಾಲಾಸ್ ಈ ಅಕ್ಷರವನ್ನು ಉಚ್ಚರಿಸುವ ರೀತಿಯು ರಸಿಕರಲ್ಲಿ ಪ್ರಸಿದ್ಧವಾಗಿದೆ: ಅದುವರೆಗಿನ ಮೆದುದನಿಯು ಥಟ್ಟನೆ ಕತ್ತರಿಸಿ, ಮುಸುಕಿನೊಳಗಿಂದ ಉಗುರು ಹೊರಬಂದಂತಾಗುತ್ತದೆ. ಮುಂದೆ ಅವಳು ಹೇಳಲಿರುವ ಬೆದರಿಕೆಯೆಲ್ಲವೂ ಆ ಒಂದಕ್ಷರದಲ್ಲಿಯೇ ಧ್ವನಿತವಾಗಿ, ಮುಂದಿನ ಮಾತು ಬರಿಯ ವ್ಯಾಖ್ಯಾನವಾಗುತ್ತದೆ. ಇದು ಸಾಕಾಂಕ್ಷಕಾಕುವಿಗೆ ಒಪ್ಪುವ ಲಕ್ಷ್ಯ. ೧೯೭೧ರಲ್ಲಿ ತೆರೆಸಾ ಬೆರ್ಗಾನ್ಸಳ ಕಂಠವು ಕವಿಯು ಬಯಸಿದ ಜಾತಿಯದೇ, ಶ್ರುತಿಯೂ ಮೂಲದ್ದೇ, ಸ್ವರಪಂಕ್ತಿಗಳು ಮುತ್ತಿನ ಸರದಂತೆ ಸಮನಾಗಿವೆ. ಅವಳೂ ‘ಮಾ’ ಎನ್ನುತ್ತಾಳೆ. ಅದು ಮಂದಸ್ಮಿತದೊಡನೆ ಬರುತ್ತದೆ. ಒಬ್ಬಳು ಬಾರ್ತೊಲೊವನ್ನು ಗೆಲ್ಲುವಳೆಂದು ನಾವು ನಂಬುತ್ತೇವೆ. ಇನ್ನೊಬ್ಬಳು ಅವನ ಮನೆಯಲ್ಲಿದ್ದರೂ ಆ ಮನೆಗೆ ಸೇರಿದವಳಲ್ಲವೆಂದು ತಿಳಿಯುತ್ತೇವೆ. ಸ್ಮಿತವು ಉತ್ತಮಪ್ರಕೃತಿಗೆ ಸಲ್ಲುವುದೆಂಬ ಭರತವಚನವನ್ನು ನೆನೆದರೆ ಬೆರ್ಗಾನ್ಸಳನ್ನು ಅಲ್ಲಗಳೆಯುವುದು ಸಲ್ಲದು.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಕಾಲಾಸ್ ಇದೇ ಪಾತ್ರವನ್ನು ೧೯೫೬ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗದ ಮೇಲೆ ಅಭಿನಯಿಸಿದಾಗ ಅದು ಅತಿಯಾಯಿತೆಂಬ ಆಕ್ಷೇಪ ಬಂದಿತು, ಪ್ರೇಕ್ಷಕರು ಮೆಚ್ಚಲಿಲ್ಲ, ಆಮೇಲೆ ಅವಳು ರಂಗದಲ್ಲಿ ರೊಸೀನಾ ಆಗಲೇ ಇಲ್ಲ. ಮರುವರ್ಷದ ಮುದ್ರಿಕೆಯಾದರೋ ಇಂದಿಗೂ ಮಾನ್ಯವಾಗಿದೆ. ರಂಗದಲ್ಲಿ ಆಂಗಿಕವೂ ಕೂಡಿ ಮಿತಿಮೀರಿದ ಭಾವವು, ಕಿವಿಯೊಂದಕ್ಕೇ ಸಂದಾಗ ತಕ್ಕ ಪ್ರಮಾಣಕ್ಕೆ ಬಂದಿತೆಂದು ಊಹಿಸಬೇಕಾಗುತ್ತದೆ. ಔಚಿತ್ಯವು ಕೃತಿಯಲ್ಲಿ ಮಾತ್ರವಲ್ಲದೆ ಅದನ್ನು ಒಯ್ಯುವ ವಾಹನದಲ್ಲಿಯೂ ಆಶ್ರಿತವಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದುರ್ಲಭ.

ಫಿಗರೊವಿನಲ್ಲಿಯೂ ಭೇದವು ಇದೇ ತೆರನಾದುದು. ಹರ್ಮನ್ ಪ್ರೈಯ ಕಂಠವು ಸುಂದರವಾದುದು, ಅವನ ಉಲ್ಲಾಸವು ಮನೋಹರವಾದುದು. ಟಿಟೊ ಗೊಬ್ಬಿಯ ಕಂಠದಲ್ಲಿ ಅಷ್ಟು ನಯವಿಲ್ಲ. ಆದರೆ ಅವನು ಪ್ರತಿಯೊಂದು ಮಾತಿಗೂ ಬೇರೆ ಬಣ್ಣವನ್ನು ಕೊಡಬಲ್ಲನು. ಕಡೆಯ ಅಂಕದಲ್ಲಿ ಪಲಾಯನಕ್ಕೆ ಹೊತ್ತಾಗಿದ್ದರೂ ಪ್ರೇಮಿಗಳು ಮೈಮರೆತು ಹಾಡುತ್ತಿರಲು, ಫಿಗರೊ ಅವರ ಮಾತಿನ ತುದಿಗಳನ್ನೇ ಮರುನುಡಿದು ಅಣಕಿಸುತ್ತಾನೆ. ಗೊಬ್ಬಿಯ ಬಾಯಲ್ಲಿ ಈ ಅಣಕವು ಅಸಹನೆ, ವಾತ್ಸಲ್ಯ, ಕೂಲಿಯ ಚಿಂತೆ ಈ ಮೂರನ್ನೂ ಒಟ್ಟಿಗೆ ತೋರಿಸುತ್ತದೆ. ಶೃಂಗಾರದಿಂದ ಹಾಸ್ಯವು ಹುಟ್ಟುವುದೆಂಬ ಸೂತ್ರವು ಇಲ್ಲಿ ಕಿವಿಗೆ ಪ್ರತ್ಯಕ್ಷವಾಗುತ್ತದೆ.

ಅಲ್ಮವೀವನ ವಿಷಯದಲ್ಲಿ ಹೋಲಿಕೆಯು ಇನ್ನೂ ನಿಷ್ಕೃಷ್ಟವಾಗಬಲ್ಲುದು. ಏಕೆಂದರೆ ಎರಡರಲ್ಲಿಯೂ ಗಾಯಕನೊಬ್ಬನೇ, ಪೆರು ದೇಶದ ಲೂಯಿಜಿ ಆಲ್ವ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಕಂಠದ ಹುರುಪು ಸ್ವಲ್ಪ ಇಳಿದು ವಿವೇಕವು ಏರಿದೆ. ಕಪಟ ಉಪಾಧ್ಯಾಯನಾಗಿ ಬಂದು ಶಾಂತಿಯನ್ನು ಹಾರೈಸುತ್ತ ವೈದ್ಯನ ಶಾಂತಿಯನ್ನೇ ಕೆಡಿಸುವ ದೃಶ್ಯದಲ್ಲಿ, ಮೊದಲನೆಯದರಲ್ಲಿ ಆಟದ ಹುಡುಗನೂ ಎರಡನೆಯದರಲ್ಲಿ ಪಳಗಿದ ನಟನೂ ಕೇಳಿಬರುತ್ತಾರೆ. ಪಾಠವು ಬದಲಾದುದರಿಂದ ಈ ವ್ಯತ್ಯಾಸವು ಬಂದಿತೆನ್ನಲಾಗದು; ಅದು ವ್ಯಕ್ತಿಯದು, ವಯಸ್ಸಿನದು.

೪

ಹಾಗಾದರೆ ಪಾಠಶೋಧನೆಯು ವ್ಯರ್ಥವೇ? ಅಲ್ಲವೆಂಬುದಕ್ಕೆ ಅಬ್ಬಾಡೊವಿನ ಮುದ್ರಿಕೆಯೇ ಸಾಕ್ಷಿ. ಮೂಲದಲ್ಲಿಲ್ಲದ ವಾದ್ಯಗಳ ಭಾರವು ತೊಲಗಿದುದರಿಂದ ನಾದವು ತಿಳಿಯಾಗಿ, ಅದರ ಮೇಲೆ ತೇಲುವ ಮಾತುಗಳು ಸ್ಫುಟವಾಗಿವೆ. ಎಂಜೊ ದಾರನು ಮುದಿವೈದ್ಯನ ಹಾಡನ್ನು ಹಾಡುವಾಗ ಇದರ ಫಲವು ಗೊತ್ತಾಗುತ್ತದೆ. ಅಕ್ಷರಗಳು ಅತಿವೇಗದಲ್ಲಿ ಉದುರಿದರೂ ಒಂದೂ ಕಳೆದುಹೋಗುವುದಿಲ್ಲ. ಅವನು ಮುಖವನ್ನು ಸೊಟ್ಟಮಾಡಿದಂತೆ ಕೂಗುವುದಿಲ್ಲ. ತನ್ನ ಘನತೆಯಲ್ಲಿ ತನಗೆ ಪೂರ್ಣ ನಂಬಿಕೆಯಿರುವುದರಿಂದಲೇ ಅವನು ಹಾಸ್ಯಾಸ್ಪದನಾಗುತ್ತಾನೆ. ಅಪಹಸಿತ ಅತಿಹಸಿತಗಳಿಗೆ ಇಳಿಯುತ್ತಿದ್ದ ಪಾತ್ರವು ಇಲ್ಲಿ ಮೇಲೇರಿದೆ. ಈ ಅಂಶದಲ್ಲಿ ೧೯೫೭ರ ಫ್ರಿಟ್ಸ್ ಓಲೆನ್ಡೊರ್ಫನು ದಾರನಿಗೆ ಸಮನಲ್ಲ. ಅಪವಾದವು ಮೆಲುಗಾಳಿಯಾಗಿ ಹುಟ್ಟಿ ಫಿರಂಗಿಯಾಗಿ ಸಿಡಿಯುವ ಬಸೀಲಿಯೊವಿನ ಹಾಡಿನಲ್ಲಿಯೂ, ಎಲ್ಲರೂ ಬೊಂಬೆಗಳಂತೆ ಬೆರಗಾಗಿ ನಿಲ್ಲುವ ಮೊದಲಂಕದ ಮುಕ್ತಾಯದಲ್ಲಿಯೂ ಅಬ್ಬಾಡೊ ನಾದವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕೌಶಲವು ಅಸಾಧಾರಣವಾದುದು. ಗಾಲ್ಯೇರನಲ್ಲಿ ಹಾಸ್ಯವು ಪಾತ್ರಗಳಲ್ಲಿದೆ. ಅಬ್ಬಾಡೊವಿನಲ್ಲಿ ಅದು ವಾದ್ಯಮೇಳದಲ್ಲಿಯೂ ಇದೆ.

ಪಾಠಶುದ್ಧಿಯೆಂದರೆ ಪಾಠಪೂರ್ಣತೆಯೆಂದು ಭ್ರಮಿಸಬಾರದು. ಕಡೆಯಲ್ಲಿ ಅಲ್ಮವೀವನಿಗಿರುವ ದೀರ್ಘವಾದ ಹಾಡು ೧೯೭೧ರ ಮುದ್ರಿಕೆಯಲ್ಲಿಲ್ಲ; ಪರಿಷ್ಕರಣಕ್ಕೆ ಹಿಂದಿನದಾದ ೧೯೫೮ರ ಲೈನ್ಸ್‌ಡೊರ್ಫನ ಮುದ್ರಿಕೆಯಲ್ಲಿ ಅದು ಉಂಟು. ಆ ಹಾಡಿನ ಸಂಗೀತವನ್ನು ರೊಸ್ಸೀನಿಯೇ ೧೮೧೭ರ ‘ಲಾ ಚೆನೆರೆಂತೊಲ’ದ ನಾಯಿಕೆಗೆ ಬಳಸಿಕೊಂಡನು. ಕವಿಯೇ ತನ್ನ ಕೃತಿಯ ಭಾಗವನ್ನು ಹೀಗೆ ಸಾಗಿಸುತ್ತಿದ್ದಲ್ಲಿ, ಅಂತಿಮಪಾಠವೆಂಬುದನ್ನು ಗ್ರಂಥದ ಅಂತಿಮಪಾಠದಂತೆ ಎಣಿಸುವುದು ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಾರ್ಹವಾದುದು.

ಇದೇ ಅಬ್ಬಾಡೊವಿನ ನಾಯಕತ್ವದಲ್ಲಿ, ಇವರೇ ಮುಖ್ಯಗಾಯಕರೊಡನೆ, ಪೊನೆಲ್ ೧೯೭೨ರಲ್ಲಿ ಚಲಚ್ಚಿತ್ರವೊಂದನ್ನು ತೆಗೆದನು. ಅದರಲ್ಲಿ ಪ್ರೈಯ ಕಣ್ಣುಗಳನ್ನೂ ಬೆರ್ಗಾನ್ಸಳ ತುಟಿಯಂಚನ್ನೂ ನೋಡಿದವರಿಗೆ, ಮುದ್ರಿಕೆಯಲ್ಲಿ ಸಪ್ಪೆಯೆಂದು ತೋರಿದ ಕೆಲವೆಡೆಗಳು ತುಂಬಿಬರುತ್ತವೆ. ಆದುದರಿಂದ ಅವರ ಅಭಿನಯವು ಕಡಮೆಯಾದುದಲ್ಲ; ಅದರಲ್ಲಿ ಒಂದು ಪಾಲು ಕಣ್ಣಿಗೆ ಮೀಸಲಾದುದು. ಕಾಲಾಸ್ ಗೊಬ್ಬಿಗಳು ಮುದ್ರಿಕೆಯಲ್ಲಿ ಎಲ್ಲವನ್ನೂ ಕಂಠಕ್ಕೇ ಒಪ್ಪಿಸಿದ್ದಾರೆ. ಕೇವಲ ಶ್ರವ್ಯವೆಂಬ ದೃಷ್ಟಿಯಿಂದ ತೂಗಿದರೆ ೧೯೫೭ರ ಮುದ್ರಿಕೆಯೇ ಮೇಲು. ರೊಸ್ಸೀನಿಯು ಏನನ್ನು ಬರೆದನೆಂದು ತಿಳಿಯಲು ೧೯೭೧ರದು ಅವಶ್ಯವಾದುದು. ಅಧ್ಯಾಪಕನು ಎರಡನೆಯದರಿಂದ ಪಾಠವನ್ನು ಹೇಳಿ, ಮೊದಲನೆಯದರಿಂದ ರಸವನ್ನು ತೋರಿಸಬೇಕು.

೫

ಈ ವಿಚಾರದಿಂದ ಫಲಿಸುವ ಸಿದ್ಧಾಂತವಿಷ್ಟು. ಪ್ರಯೋಗಪ್ರಧಾನವಾದ ಕೃತಿಗೆ ಲಿಖಿತಪ್ರತಿಯೊಂದೇ ಪ್ರಮಾಣವಾಗಲಾರದು. ಕಾಕುವೂ ಪಾಠದ ಅಂಗವೇ. ಅದನ್ನು ಹಿಡಿದಿಡಬಲ್ಲುದು ಧ್ವನಿಮುದ್ರಿಕೆಯೊಂದೇ ಆದುದರಿಂದ, ಅದನ್ನು ವಿನೋದದ ವಸ್ತುವೆಂದು ಬದಿಗಿಡದೆ, ಓಲೆಯ ಪ್ರತಿಯಂತೆಯೇ ಸಾಕ್ಷಿಯೆಂದು ಎಣಿಸಬೇಕು.

ಇದನ್ನು ಒಪ್ಪಿದರೆ ಕನ್ನಡದ ವಿದ್ವಾಂಸರ ಮುಂದೆ ಒಂದು ಕಾರ್ಯವು ನಿಲ್ಲುತ್ತದೆ. ಗುಬ್ಬಿ ಕಂಪೆನಿಯ ‘ಸದಾರಮೆ’ಯು ಹಾಡು ಹಾಸ್ಯಗಳು ಬೆರೆತ ನಾಟಕ; ಅದರಲ್ಲಿ ಕಳ್ಳನ ಪಾತ್ರದಿಂದ ಗುಬ್ಬಿ ವೀರಣ್ಣನವರು (೧೮೯೧–೧೯೭೨) ಖ್ಯಾತರಾದರು; ಮುಂದೆ ಅದೇ ಪಾತ್ರವನ್ನು ಅವರ ಮೊಮ್ಮಗಳು ಬಿ. ಜಯಶ್ರೀಯವರು ವಹಿಸಿದರು. ಆ ಕಳ್ಳನ ಮಾತನ್ನು ಅಚ್ಚಿನ ಪುಸ್ತಕದಲ್ಲಿ ಓದಿದವನಿಗೆ ಸಿಕ್ಕುವುದು ಅಸ್ಥಿಯೇ ಹೊರತು ಪ್ರಾಣವಲ್ಲ. ತಾತನಿಂದ ಮೊಮ್ಮಗಳಿಗೆ ಬಂದುದೇನು, ಅವರು ಹೊಸದಾಗಿ ಕೂಡಿಸಿದುದೇನು ಎಂಬುದು ಶಬ್ದದ ಪಾಠಾಂತರಕ್ಕಿಂತ ಕಡಮೆಯಾದ ಪ್ರಶ್ನೆಯಲ್ಲ. ವೃತ್ತಿರಂಗದ ಹಾಡುಗಳನ್ನು ಹೊತ್ತ ಅರಗಿನ ತಟ್ಟೆಗಳು, ಒಂದೊಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷಗಳ ನಾದವನ್ನು ಹಿಡಿದು, ಮನೆಮನೆಗಳ ಅಟ್ಟಗಳಲ್ಲಿ ಒಡೆಯುತ್ತ ಸವೆಯುತ್ತ ಇವೆ. ಓಲೆಗರಿಗೆ ಹುಳು ಹಿಡಿದರೆ ಮರುಗುವವರು ಇವಕ್ಕೂ ಮರುಗಬೇಕು. ಮರುಗಿ ಸುಮ್ಮನಾಗದೆ ಇವನ್ನು ಕೂಡಿಸಿ, ಹಾಡಿದವರು ಯಾರು, ಯಾವ ವರ್ಷ, ಯಾವ ನಾಟಕ ಎಂಬ ಸೂಚಿಯನ್ನು ಮಾಡಿ, ಒಂದನ್ನೊಂದರೊಡನೆ ಹೋಲಿಸಿ ಪಾಠಾಂತರಗಳನ್ನು ಗುರುತಿಸಬೇಕು. ಇಟಲಿಯವರು ತಮ್ಮ ರೊಸ್ಸೀನಿಗೆ ಕೈಬರಹದಿಂದ ಮಾಡಿದುದನ್ನೂ, ಲೆಗ್ಗನು ಲಂಡನ್ನಿನಲ್ಲಿ ಕಂಠದಿಂದ ಮಾಡಿಸಿದುದನ್ನೂ ಕನ್ನಡಿಗರು ತಮ್ಮ ರಂಗಕ್ಕೆ ಒಟ್ಟಿಗೆ ಮಾಡಬೇಕಾಗಿದೆ. ಪಾಠವು ಶುದ್ಧವಾಗಿ, ಕಾಕುವು ನಷ್ಟವಾದರೆ, ಉಳಿದುದು ನಾಟಕವಲ್ಲ, ನಾಟಕದ ಹೆಸರು.