ಉತ್ತರ ಎರಡಾದ ಒಗಟುಗಳು

ಒಗಟು ಬಿಡಿಸುವ ಹವ್ಯಾಸವುಳ್ಳವರಲ್ಲಿ ಬಹುಮಂದಿ, ಉತ್ತರದ ವಿಷಯದಲ್ಲಿ ವಿವಾದಕ್ಕೆ ಎಡೆಗೊಡುವ ಒಗಟನ್ನು ಕಟ್ಟಡ ಸಡಿಲವಾದ ಒಗಟೆಂದು ಬದಿಗೊತ್ತುತ್ತಾರೆ. ನನಗಾದರೋ ಅಂಥವುಗಳ ಮೇಲೆಯೇ ಒಲವು ಹೆಚ್ಚು. ಎರಡು ಉತ್ತರಗಳು ಸಮಬಲದಿಂದ ಎದುರುಬದುರು ನಿಂತಾಗಲೇ ಪ್ರಶ್ನೆಯ ಒಡಲಿನಲ್ಲಿ ಏನೇನು ಅಡಗಿತ್ತೆಂಬುದು ಹೊರಬೀಳುತ್ತದೆ.

1959ರಲ್ಲಿ ಮಾರ್ಟಿನ್ ಗಾರ್ಡ್ನರ್ ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಗಣಿತವಿನೋದದ ಅಂಕಣದಲ್ಲಿ ಒಡ್ಡಿದ ಸಮಸ್ಯೆ ಹೀಗಿದೆ: ಸ್ಮಿತ್ ಎಂಬಾತನಿಗೆ ಇಬ್ಬರು ಮಕ್ಕಳು, ಅವರಲ್ಲಿ ಒಂದಾದರೂ ಗಂಡು, ಎರಡೂ ಗಂಡಾಗಿರುವ ಸಂಭಾವ್ಯತೆ ಎಷ್ಟು? ಉಳಿದ ಮಗು ಗಂಡೋ ಹೆಣ್ಣೋ ಎರಡರಲ್ಲೊಂದು, ಆದುದರಿಂದ ಅರ್ಧ ಎನ್ನುತ್ತದೆ ಸಾಮಾನ್ಯಬುದ್ಧಿ. ಹಿರಿಯದು ಕಿರಿಯದು ಎಂಬ ಕ್ರಮವಿಟ್ಟು ನೋಡಿದರೆ ಗಂಡು–ಗಂಡು, ಗಂಡು–ಹೆಣ್ಣು, ಹೆಣ್ಣು–ಗಂಡು ಎಂಬ ಮೂರು ಸಮಾನ ಸಾಧ್ಯತೆಗಳು ಉಳಿಯುವುದರಿಂದ ಮೂರರಲ್ಲಿ ಒಂದು ಎಂದರು ಗಾರ್ಡ್ನರ್. ಅನಂತರ ಪ್ರಶ್ನೆಯಲ್ಲಿ ಸಂದಿಗ್ಧತೆಯುಂಟೆಂದು ಅವರೇ ಒಪ್ಪಿದರು. ಏಕೆಂದರೆ, ಒಂದಾದರೂ ಗಂಡೆಂಬ ಸಂಗತಿ ನಮಗೆ ತಿಳಿದುಬಂದ ಬಗೆ ಯಾವುದೆಂಬುದನ್ನು ಪ್ರಶ್ನೆ ಹೇಳಿಯೇ ಇರಲಿಲ್ಲ. ಇಬ್ಬರು ಮಕ್ಕಳ ತಂದೆಯೊಬ್ಬನನ್ನು ‘ಗಂಡುಮಗುವಿದೆಯೇ?’ ಎಂದು ಕೇಳಿ ಹೌದೆನ್ನಿಸಿಕೊಂಡಿದ್ದರೆ ಗಾರ್ಡ್ನರ್ ಅವರ ಉತ್ತರ ಸರಿ. ಆದರೆ ಆತನು ಯಾವ ಪಕ್ಷಪಾತವೂ ಇಲ್ಲದೆ ಇಬ್ಬರಲ್ಲೊಂದು ಮಗುವನ್ನು ಕೈಹಿಡಿದು ಸಂಜೆಯ ತಿರುಗಾಟಕ್ಕೆ ಹೊರಟಿದ್ದಾಗ ಅದು ಗಂಡೆಂದು ನಾವು ಕಂಡುಕೊಂಡಿದ್ದರೆ, ಗಂಡೂ ಹೆಣ್ಣೂ ಇರುವ ಮನೆಗಳಲ್ಲಿ ಅರ್ಧದಷ್ಟು ಸಲ ನಮಗೆ ಕಾಣಿಸುತ್ತಿದ್ದುದು ಹೆಣ್ಣುಮಗುವೇ ಆದುದರಿಂದ, ಉತ್ತರ ಅರ್ಧವೇ. 1990ರಲ್ಲಿ ಅಂಕಣಕಾರ್ತಿ ಮೆರಿಲಿನ್ ವಾಸ್ ಸವಂತ್ ಅವರಿಗೆ ಪತ್ರಗಳ ಮಳೆಗರೆಸಿದ ಮೂರು ಬಾಗಿಲುಗಳ ಸಮಸ್ಯೆಯಲ್ಲಿಯೂ ಇದೇ ತೊಡಕು. ಒಂದು ಬಾಗಿಲ ಹಿಂದೆ ಬಹುಮಾನ, ಉಳಿದೆರಡರ ಹಿಂದೆ ಆಡು; ನೀವು ಒಂದನ್ನು ಆರಿಸಿದ ಮೇಲೆ ನಿರೂಪಕನು ಮಿಕ್ಕವುಗಳಲ್ಲೊಂದನ್ನು ತೆರೆದು ಆಡನ್ನು ತೋರಿಸುತ್ತಾನೆ, ನೀವು ಆಯ್ಕೆಯನ್ನು ಬದಲಿಸಬೇಕೇ? ಹಿಂದೆ ಏನಿದೆಯೆಂದು ಬಲ್ಲವನೇ ಆಡಿನ ಬಾಗಿಲನ್ನು ತೆರೆದನೋ, ಅರಿಯದೆ ತೆರೆದುದು ಆಡಿನದಾಯಿತೋ ಎಂಬುದರ ಮೇಲೆ ಫಲ ನಿಂತಿದೆ. ಅರಿವಿನ ಮೂಲವನ್ನು ಮುಚ್ಚಿಟ್ಟು, ತನ್ನ ಉತ್ತರವೊಂದೇ ಸರಿಯೆಂದು ಹಟಹಿಡಿಯುವ ಅಧಿಕಾರ ಒಗಟು ಹೇಳುವವನಿಗಿಲ್ಲ.

ಏನನ್ನೂ ಮುಚ್ಚಿಡದೆಯೇ ವಿವಾದವನ್ನು ಉಳಿಸುವ ಒಗಟಿನ ಅಂತಸ್ತು ಇನ್ನೂ ಮೇಲಿನದು, ಮತ್ತು ಅದರಲ್ಲಿ ತ್ರಿವಿಕ್ರಮರಾಜನಿಗೆ ಕಥೆ ಹೇಳಿ ಕೊನೆಗೆ ಪ್ರಶ್ನೆಯೊಡ್ಡುವ ಬೇತಾಳನಿಗೆ ಎಣೆಯಾದವರನ್ನು ನಾನು ಕಾಣೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನು ‘ಕಥಾಸರಿತ್ಸಾಗರ’ದಲ್ಲಿ ಹೇಳುವ ಮದನಸುಂದರಿಯ ಕಥೆಯಲ್ಲಿ, ದೇವಿಯ ಗುಡಿಯೊಳಗೆ ಶಿರಶ್ಛೇದ ಮಾಡಿಕೊಂಡು ಬಿದ್ದ ಗಂಡನನ್ನೂ ಸಹೋದರನನ್ನೂ ಬದುಕಿಸಲು ಆಕೆ ವರವನ್ನು ಪಡೆದು, ಆತುರದಲ್ಲಿ ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಜೋಡಿಸುತ್ತಾಳೆ, ಎದ್ದ ಇಬ್ಬರಲ್ಲಿ ಪತಿ ಯಾರು? ಅಂಗಗಳಲ್ಲಿ ತಲೆಯೇ ಪ್ರಧಾನವಾದುದರಿಂದ ಪತಿಯ ತಲೆಯುಳ್ಳವನೇ ಪತಿ ಎಂದು ಛಲ ಬಿಡದ ತ್ರಿವಿಕ್ರಮನು ತೀರ್ಪಿತ್ತನು. ತೀರ್ಪು ಗಂಭೀರವಾದುದೇ, ಆದರೆ ಅದು ಆ ಒಂದು ಕ್ಷಣದ ತೀರ್ಪು. ಕಾಲ ಸರಿದ ಮೇಲೆ ಏನಾಗುವುದೆಂದು ಕೇಳಿದವರು 1940ರಲ್ಲಿ ಈ ವಸ್ತುವನ್ನು ಕಾದಂಬರಿಕೆಯಾಗಿಸಿದ ಥಾಮಸ್ ಮನ್ ಮತ್ತು ಅವರ ಬಳಿಕ ‘ಹಯವದನ’ವನ್ನು ಬರೆದ ಗಿರೀಶ ಕಾರ್ನಾಡರು. ಕಾರ್ನಾಡರ ನಾಟಕದಲ್ಲಿ ದೇವದತ್ತನ ತಲೆಗೆ ದೊರೆತ, ಅವನ ಗೆಳೆಯ ಕಪಿಲನ ದೃಢಕಾಯ ದಿನಕ್ರಮೇಣ ಮೆತ್ತಗಾಗುತ್ತದೆ. ತಲೆಯೇ ಗೆದ್ದಿತೆಂದು ರಾಜನು ಹಿಗ್ಗಬಹುದು, ಆದರೆ ದೇವದತ್ತನ ಹೆಂಡತಿ ಪದ್ಮಿನಿ ಬಯಸಿದುದು ಆ ದೇಹವನ್ನೂ ಕೂಡಿಯೇ ಅಲ್ಲವೇ?

ಬೇತಾಳನ ಮಿಕ್ಕೆಲ್ಲಕ್ಕೂ ಉತ್ತರವಿತ್ತ ರಾಜನು ಒಂದು ಪ್ರಶ್ನೆಗೆ ಮಾತ್ರ ಮೌನಿಯಾದನು. ಕಾಡಿನಲ್ಲಿ ಇಬ್ಬರು ಸ್ತ್ರೀಯರ ಹೆಜ್ಜೆಗುರುತುಗಳನ್ನು ಕಂಡ ತಂದೆಮಗಂದಿರು, ದೊಡ್ಡ ಪಾದದವಳು ತಂದೆಗೆ, ಚಿಕ್ಕ ಪಾದದವಳು ಮಗನಿಗೆ ಎಂದು ಮೊದಲೇ ಮಾತಾಡಿಕೊಂಡರು. ಆದರೆ ದೊಡ್ಡ ಪಾದ ಮಗಳದು, ಚಿಕ್ಕದು ತಾಯಿಯದು. ಆಡಿದ ಮಾತಿಗೆ ಕಟ್ಟುಬಿದ್ದು ತಂದೆ ಮಗಳನ್ನೂ ಮಗ ತಾಯಿಯನ್ನೂ ವರಿಸಿದರು. ಎರಡು ದಂಪತಿಗಳಿಗೂ ಮಕ್ಕಳಾದರೆ ಅವರು ಪರಸ್ಪರ ಏನಾಗಬೇಕು? ರಾಜನಿಗೆ ತೋಚದಿದ್ದುದು ನಮ್ಮ ನಂಟಸ್ತಿಕೆಯ ಲೆಕ್ಕ ಬಲ್ಲ ಅಜ್ಜಿಯರಿಗೆ ತೋಚದಿರದು. ಮಕ್ಕಳಿಬ್ಬರೂ ಗಂಡಾದರೆ, ತಂದೆಯ ಮಗನು ತನ್ನ ಅಣ್ಣನ ಮಗನಿಗೆ ಚಿಕ್ಕಪ್ಪ; ಆ ಅಣ್ಣನ ಮಗನೋ, ಇವನ ತಾಯಿಯ ಒಡಹುಟ್ಟಾದುದರಿಂದ ಇವನಿಗೆ ಸೋದರಮಾವ. ಇಬ್ಬರೂ ಪರಸ್ಪರ ಹಿರಿಯರು, ಇಬ್ಬರೂ ಪರಸ್ಪರ ಕಿರಿಯರು. ಉತ್ತರವಿಲ್ಲದೆ ಅಲ್ಲ, ಸರಿಯಾದ ಉತ್ತರಗಳು ಹೆಚ್ಚಾಗಿಯೇ ರಾಜನು ಸುಮ್ಮನಾದನೆಂದು ನನ್ನ ನಂಬಿಕೆ. ಆದರೆ ತಂದೆಗೆ ಹುಟ್ಟಿದುದು ಹೆಣ್ಣು, ಮಗನಿಗೆ ಹುಟ್ಟಿದುದು ಗಂಡು ಎಂದಾದರೆ ಅಜ್ಜಿಯರಲ್ಲಿಯೇ ಎರಡು ಪಕ್ಷಗಳಾಗುತ್ತವೆ: ತಾಯಿಯ ಕಡೆಯಿಂದ ಎಣಿಸಿದರೆ ಅವನು ಸೋದರಮಾವ, ನಮ್ಮಲ್ಲಿ ಅನೇಕ ಮನೆತನಗಳ ರೂಢಿಯಂತೆ ಆ ಹುಡುಗಿಗೆ ಸಲ್ಲುವ ವರ, ತಂದೆಯ ಕಡೆಯಿಂದ ಎಣಿಸಿದರೆ ಅವಳು ಅವನಿಗೆ ಸಾಕ್ಷಾತ್ ಸೋದರತ್ತೆ.