ಲಕ್ಷ್ಮಣ್ ತಮ್ಮನ್ನು ಬರೆದುಕೊಳ್ಳಲಿಲ್ಲ

ಕನ್ನಡದಲ್ಲಿ ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1998ರಲ್ಲಿ 'ದಿ ಟನಲ್ ಆಫ್ ಟೈಮ್' ಎಂಬ ಆತ್ಮಕಥೆ ತಂದಾಗ ಮಾಡಿದ್ದು ಮೊದಲನೆಯ ಬರವಣಿಗೆ. ಚಂದ್ರಾ ಲೇಔಟಿನ ನಮ್ಮ ಬಾಲ್ಕನಿಯಲ್ಲಿ ಕೂತು ಅದನ್ನು ಎರಡನೇ ಸಲ ಓದಿದೆ. ಮೆಚ್ಚಿಕೊಂಡೆ. ಒಂದು ತಕರಾರೂ ಉಳಿಯಿತು.

ಮೆಚ್ಚಿದ್ದು ಬಾಲ್ಯವನ್ನು. ಓದಲು ಬರುವ ಮೊದಲೇ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿದ ಹುಡುಗ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚುತ್ತಾನೆ. ಶಾಲೆಯಲ್ಲಿ ಬರೆದ ಅರಳಿ ಎಲೆಗೆ ಮೇಷ್ಟ್ರು ಭೇಷ್ ಅಂದದ್ದೇ ತಡ, ತಾನು ಚಿತ್ರಗಾರನೆಂದು ತೀರ್ಮಾನಿಸಿಬಿಡುತ್ತಾನೆ. 'ದಿ ಹಿಂದೂ'ವಿನಲ್ಲಿ ಬರುತ್ತಿದ್ದ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಸಹಿಯನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದನಂತೆ. ಅಕ್ಷರವನ್ನೂ ಚಿತ್ರದಂತೆ ನೋಡುವ ಕಣ್ಣಿಗೇ ಇಂಥ ತಪ್ಪು ಒದಗುವುದು.

ಈ ಕಣ್ಣು ತನ್ನ ಬದುಕನ್ನು ಕಾಮಿಕ್ಸ್ ಚೌಕಗಳಲ್ಲಿ ಬರೆಯಬೇಕಿತ್ತು ಎಂಬುದೇ ನನ್ನ ತಕರಾರು. ಹೆಡ್‌ಮಾಸ್ಟರ್ ತಂದೆಗೆ ಲಕ್ವ ಹೊಡೆದದ್ದು, ಜೆ.ಜೆ. ಕಲಾಶಾಲೆ ಸೀಟು ಕೊಡದೆ ಪತ್ರ ಕಳಿಸಿದ್ದು, ಎಲ್ಲವೂ ವಾಕ್ಯದಲ್ಲಿ ಬಂದು ವಾಕ್ಯದಲ್ಲೇ ದಾಟಿಹೋಗುತ್ತವೆ. ಮಾದರಿ ಇರಲಿಲ್ಲ ಎನ್ನುವಂತಿಲ್ಲ. ತಂದೆಯ ಎದುರು ಕೂತು ಕತೆ ಕೇಳುವ ತನ್ನನ್ನೇ ಪಾತ್ರ ಮಾಡಿಕೊಂಡ ಆರ್ಟ್ ಸ್ಪೀಗಲ್‌ಮನ್‌ರ 'ಮೌಸ್'ಗೆ 1992ರಲ್ಲೇ ಪುಲಿಟ್ಜರ್ ಸಿಕ್ಕಿತ್ತು. ಲಕ್ಷ್ಮಣ್ ಆತ್ಮಕಥೆ ಬಂದ ಎರಡೇ ವರ್ಷದ ಬಳಿಕ, 2000ದಲ್ಲಿ, ಇರಾನಿನ ಮರ್ಜಾನ್ ಸತ್ರಾಪಿ 'ಪರ್ಸೆಪೊಲಿಸ್' ಶುರುಮಾಡಿದರು. ಅದರ ಮೊದಲ ಚೌಕದಲ್ಲಿ ಮುಸುಕು ಹೊದ್ದ ಹತ್ತರ ಹುಡುಗಿ ನೇರ ನಮ್ಮನ್ನು ನೋಡುತ್ತಾಳೆ. ಪಕ್ಕದ ಕ್ಲಾಸ್ ಫೋಟೋದಲ್ಲಿ ಅವಳು ಅಂಚಿನಲ್ಲಿ ಕತ್ತರಿಸಿಹೋಗಿದ್ದಾಳೆ. ಒಂದು ಅಧ್ಯಾಯದ ಸಂಕಟ ಒಂದು ಗೀಟಿನಲ್ಲಿದೆ.

ಲಕ್ಷ್ಮಣ್ ಬಾಲ್ಯವನ್ನು ಅಣ್ಣ, ಕಾದಂಬರಿಕಾರ ಆರ್.ಕೆ. ನಾರಾಯಣ್ ಮೊದಲೇ ಬಳಸಿಕೊಂಡಿದ್ದರು. 'ದಿ ರೀಗಲ್ ಕ್ರಿಕೆಟ್ ಕ್ಲಬ್' ಕತೆ ಹುಟ್ಟಿದ್ದೇ ತಮ್ಮನ ಕ್ರಿಕೆಟ್ ತಂಡದಿಂದ. ತಮ್ಮನೋ, ಅಣ್ಣನ ಮಾಲ್ಗುಡಿಗೆ ಚಿತ್ರ ಬರೆದುಕೊಟ್ಟರು, ಕನ್ನಡದ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಬರೆದರು. 1951ರಿಂದ ದಶಕಗಳ ಕಾಲ ಬರೆದ ಕಾಮನ್ ಮ್ಯಾನ್ ಅವರೇ ಅಲ್ಲವೇ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಚೌಕಳಿ ಕೋಟಿನ ಆ ಮುದುಕ ಬಾಯಿ ಬಿಡದೆ ನೋಡುತ್ತಾನೆ, ಅಷ್ಟೆ. ಅವನಿಗೆ ಬಾಲ್ಯವಿಲ್ಲ, ಮೈಸೂರಿಲ್ಲ, ಅಣ್ಣನೂ ಇಲ್ಲ.

ಲಕ್ಷ್ಮಣ್‌ರನ್ನು ಹುಡುಕುವುದಾದರೆ ಅವರು ಬರೆದ ಕಾಗೆಗಳಲ್ಲಿ ಹುಡುಕಬೇಕು. ಸಂಪಾದಕರಾಗಲಿ ಮಂತ್ರಿಗಳಾಗಲಿ ಕೇಳದಿದ್ದರೂ ಬರೆದವು ಅವು. ಕತ್ತು ಓರೆ, ಕಣ್ಣು ಯಾರದೋ ತಿಂಡಿಯ ಮೇಲೆ. ಈಗ ನಮ್ಮ ಎದುರಿನ ಕೇಬಲ್ ವೈರಿನ ಮೇಲೆ ಕೂತಿರುವುದೂ ನನ್ನ ಚಕ್ಕುಲಿ ತಟ್ಟೆಯನ್ನೇ ನೋಡುತ್ತಿದೆ.