ಆರು ರನ್, ಐದು ರನ್: ಗಣೇಶ್ ಸತೀಶ್ ಆಟದ ಬೆಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಬಯಲುಗಳಲ್ಲಿ ಟೆನಿಸ್ ಬಾಲ್ ಆಡುವ ಹುಡುಗರ ಕಣ್ಣಿಗೆ ಸಿಕ್ಸರ್ ಎತ್ತುವವನೇ ಬ್ಯಾಟ್ಸ್‌ಮನ್. ಹತ್ತು ಓವರಿನ ಆಟದಲ್ಲಿ ಚೆಂಡು ಬಿಡುವವನಿಗೆ ಜಾಗವಿಲ್ಲ. ಅವರೆಲ್ಲ ಒಮ್ಮೆ ನೋಡಲೇಬೇಕಾದದ್ದು ದಾವಣಗೆರೆಯಲ್ಲಿ ಹುಟ್ಟಿದ ಗಣೇಶ್ ಸತೀಶ್ ಅವರ ಆಟ.

2010ರ ಜನವರಿ, ಮೈಸೂರು. ಮುಂಬೈ ಎದುರಿನ ರಣಜಿ ಫೈನಲ್‌ನ ಮೊದಲ ಇನಿಂಗ್ಸ್‌ನಲ್ಲಿ ಕರ್ನಾಟಕ 130ಕ್ಕೆ ಕುಸಿದಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಗೆಲ್ಲಲು 338 ಬೇಕಿತ್ತು. ಮನೀಷ್ ಪಾಂಡೆ 144 ಬಾರಿಸಿದ್ದು ಎಲ್ಲರಿಗೂ ನೆನಪಿದೆ. ಇನ್ನೊಂದು ತುದಿ ಕಾಯ್ದು 75 ಗಳಿಸಿದ ಸತೀಶ್ ಅಷ್ಟಾಗಿ ನೆನಪಿಲ್ಲ. ಈ ಜೋಡಿ ಮುರಿದ ಮೇಲೆ ತಂಡ 331ಕ್ಕೆ ಆಲೌಟ್. ಸೋಲು ಬರೀ ಆರು ರನ್ನಿನದು.

ಕರ್ನಾಟಕದ ಬ್ಯಾಟಿಂಗ್ ಸಾಲಿನಲ್ಲಿ ಪೈಪೋಟಿ ಬಿಗಿಯಾಯಿತು. 2014-15ರ ಋತುವಿಗೆ ಸತೀಶ್ ವಿದರ್ಭ ತಂಡ ಸೇರಿದರು. 2017ರ ಡಿಸೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನ ಸೆಮಿಫೈನಲ್‌ನಲ್ಲಿ ಎದುರಿಗಿದ್ದದ್ದು ತವರು ರಾಜ್ಯವೇ. 116 ರನ್ ಹಿಂದೆ ಬಿದ್ದಿದ್ದ ವಿದರ್ಭ ಎರಡನೇ ಸರದಿಯಲ್ಲಿ 313 ಗಳಿಸಿತು. ಅದರಲ್ಲಿ ಸತೀಶ್ ಪಾಲು 81. ಕರ್ನಾಟಕ ಐದು ರನ್ನಿನಿಂದ ಸೋತಿತು. ಫೈನಲ್‌ನಲ್ಲಿ ದೆಹಲಿಯನ್ನು ಮಣಿಸಿ ವಿದರ್ಭ ಮೊದಲ ಬಾರಿ ರಣಜಿ ಗೆದ್ದಿತು. ಮರುವರ್ಷವೂ ಟ್ರೋಫಿ ಅವರದೇ.

ಸತೀಶ್ ಆಟದಲ್ಲಿ ಕೊರತೆಯೂ ಇದೆ. 75, 81, 2019ರ ಇರಾನಿ ಕಪ್‌ನಲ್ಲಿ 280ರ ಬೆನ್ನಟ್ಟುವಾಗ 87: ಮೂರೂ ಗಟ್ಟಿ ಇನಿಂಗ್ಸ್, ಮೂರೂ ಶತಕದ ಮೊದಲೇ ನಿಂತವು. ಹಿಂದಿನ ವರ್ಷದ ಇರಾನಿಯಲ್ಲಿ 120 ಹೊಡೆದಾಗಲೂ ವಾಸಿಂ ಜಾಫರ್ ಅವರ 286ರ ಮುಂದೆ ಅದು ಮಂಕಾಯಿತು. ಆಯ್ಕೆಗಾರರ ಕಣ್ಣು ಮೊದಲು ಬೀಳುವುದು ಮೂರಂಕಿಯ ಮೇಲೆ. ಭಾರತ ತಂಡದ ಬಾಗಿಲು ಸತೀಶ್ ಅವರಿಗೆ ತೆರೆಯಲಿಲ್ಲ.

ಆದರೂ ನನ್ನ ತೀರ್ಪು ಅವರ ಪರ. ಆರು ರನ್ನಿಗೆ ಸೋತ ಪಂದ್ಯ, ಐದು ರನ್ನಿಗೆ ಗೆದ್ದ ಪಂದ್ಯ, ಎರಡನ್ನೂ ಕೊನೆಯವರೆಗೆ ಜೀವಂತ ಇಟ್ಟವರಲ್ಲಿ ಸತೀಶ್ ಇದ್ದರು. ಸರಾಸರಿ ಈ ಕೆಲಸವನ್ನು ಅಳೆಯಲಾರದು. ನಮ್ಮ ಜಿಲ್ಲೆಯ ತರಬೇತುದಾರರಲ್ಲಿ ಒಂದೇ ಕೋರಿಕೆ: ವಾರಕ್ಕೊಂದು ದಿನವಾದರೂ ಹುಡುಗರ ಕೈಗೆ ಲೆದರ್ ಬಾಲ್ ಕೊಡಿ, ಇಡೀ ದಿನ ಬ್ಯಾಟ್ ಮಾಡಲು ಬಿಡಿ. ತಾಳ್ಮೆಯೂ ಕಲಿಸಿದರೆ ಬರುವ ವಿದ್ಯೆ.